ಸಾಲಿನಲ್ಲಿ ಉಳಿದ ಹಕ್ಕರಿಕೆ

ನಾನು ಒಂದು ಹಕ್ಕರಿಕೆ ಗಿಡ. ಎರೆಹೊಲದ ಜೋಳದ ಸಾಲಿನಲ್ಲಿ, ಒಂದು ಹದ ಮಳೆಯ ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟೆ. ಹಲ್ಲುಹಲ್ಲಿನ ಎಲೆಗಳನ್ನು ನೆಲಕ್ಕಂಟಿಸಿ ಸುತ್ತಲೂ ಹರಡಿಕೊಂಡೆ. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಆದರೆ ನಮ್ಮ ಸೀಮೆಯಲ್ಲಿ ನನಗೊಂದು ಮರ್ಯಾದೆಯಿದೆ. ಕಸ ತೆಗೆಯುವ ಹೆಂಗಸರು ಉಳಿದ ಕಳೆಯನ್ನೆಲ್ಲ ಕಿತ್ತರೂ ಹಕ್ಕರಿಕೆಯ ಬೇರು ಮುಟ್ಟುವುದಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ಎಲೆ ಹರಿದು, ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಹಸಿಯಾಗಿಯೇ ತಿನ್ನುತ್ತಾರೆ.

ಆ ವರ್ಷ ಹೊಲದ ಒಡತಿ ದುಂಡವ್ವನ ಮನೆಗೆ ಹೊಸ ಸೊಸೆ ಬಂದಳು, ಸುಗಲಾ. ಹುಬ್ಬಳ್ಳಿ ಪೇಟೆಯ ಹುಡುಗಿ. ನಮ್ಮನ್ನು ಸಂತೆಯ ಕಟ್ಟಿನಲ್ಲಿ ಕಂಡಿದ್ದಳೇ ಹೊರತು ನೆಲದಲ್ಲಿ ಕಂಡಿರಲಿಲ್ಲ. ಹೊಲದಲ್ಲಿ ಅದು ಆಕೆಯ ಮೊದಲ ದಿನ. ಎಲ್ಲರ ಮುಂದೆ ಸೈ ಅನ್ನಿಸಿಕೊಳ್ಳಬೇಕೆಂದು, ತಲೆ ಎತ್ತದೆ, ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದು ಕೆರೆದು ತನ್ನ ಪಾಲಿನ ಸಾಲುಗಳನ್ನು ಕನ್ನಡಿಯಂತೆ ಮಾಡಿದಳು. ನನ್ನ ಅಕ್ಕತಂಗಿಯರೆಲ್ಲ ಬದುವಿನ ಮೇಲೆ ಬಾಡಿ ಬಿದ್ದರು.

ನನ್ನ ಬಳಿ ಮಾತ್ರ ಆಕೆಯ ಕೈ ನಿಂತಿತು. ಉಳಿದವರಿಗಿಂತ ಬೇಗ ಬಲಿತ ನಾನು ಒಂದೇ ಒಂದು ಹಳದಿ ಹೂ ಬಿಟ್ಟಿದ್ದೆ. ಆಕೆ ಅತ್ತಿತ್ತ ನೋಡಿ, ಮೆಲ್ಲಗೆ ನನ್ನನ್ನು ದಾಟಿ ಹೋದಳು.

ಊಟಕ್ಕೆ ಕೂತಾಗ ಹಿರಿಯಳಾದ ಬಾಳವ್ವ ಪಕ್ಕದ ಸಾಲಿಗೆ ಕೈ ಚಾಚಿದಳು. ಬರೀ ಮಣ್ಣು.

"ಅಯ್ ದುಂಡವ್ವಾ, ನಿನ್ನ ಸೊಸಿ ಹೊಲಾ ಬೋಳಿಸಿ ಬಿಟ್ಟಾಳ ನೋಡವಾ! ಹಕ್ಕರಕಿ ಒಂದೂ ಇಲ್ಲ!"

"ಹುಬ್ಬಳ್ಳ್ಯಾಗ ಅದು ಅಂಗಡ್ಯಾಗ ಬೆಳಿತೈತೇನೊ!" ಎಂದಳು ಇನ್ನೊಬ್ಬಳು.

ಹೆಂಗಸರೆಲ್ಲ ನಕ್ಕರು. ಸುಗಲಾ ರೊಟ್ಟಿ ಮುರಿಯಲಿಲ್ಲ. ಆಗ ದುಂಡವ್ವನ ಕಣ್ಣು ನನ್ನ ಮೇಲೆ ಬಿತ್ತು.

"ಯಾಕ ನಗ್ತೀರೆ? ಬೀಜಕ್ಕಂತ ಒಂದ ಬಿಟ್ಟಾಳ ನೋಡ್ರಿ. ಶಾಣ್ಯಾಕಿ ನನ್ನ ಸೊಸಿ."

ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಸುಗಲಾ ನೆಲ ನೋಡುತ್ತ, "ಇಲ್ಲ ಅತ್ತಿ. ನನಗ ಗುರ್ತ ಸಿಗಲಿಲ್ಲ. ಹೂ ಚಂದ ಕಂಡತು, ಕೀಳಾಕ ಮನಸ್ಸಾಗಲಿಲ್ಲ, ಅಷ್ಟ" ಎಂದಳು.

ಈ ಸಲ ಯಾರೂ ನಗಲಿಲ್ಲ. ಬಾಳವ್ವ ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ದೊಡ್ಡ ಹೋಳನ್ನು ಆಕೆಯ ರೊಟ್ಟಿಯ ಮೇಲಿಟ್ಟಳು. "ತಿನ್ನವಾ. ಸಂಜೀಮಟ ಬಗ್ಗಬೇಕು."

ಸುಗ್ಗಿಯ ಹೊತ್ತಿಗೆ ನನ್ನ ಎಲೆಗಳು ಒಣಗಿ, ತಲೆಯ ತುಂಬ ಬೀಜ ಹೊತ್ತ ಬಿಳಿ ನವಿರು ಬಂದಿತ್ತು. ಸುಗಲಾ ಬಂದು ಅದನ್ನು ಬಿಡಿಸಿಕೊಂಡು, ತಾನು ಬರಿದು ಮಾಡಿದ ಸಾಲುಗಳಲ್ಲಿ ಉದುರಿಸಿ, ಬೆರಳಿನಿಂದ ಮಣ್ಣೆಳೆಯತೊಡಗಿದಳು.

"ಜ್ವಾಳದ ಹೊಲದಾಗ ಕಸಾ ಬಿತ್ತಾಕತ್ತೀಯೇನ? ನಿಮ್ಮ ಮಾವ ನೋಡಿದ್ರ ಇಬ್ರಿಗೂ ಬೈತಾರ!" ಎಂದಳು ದುಂಡವ್ವ.

"ಅವ್ರು ಬರೂದ್ರಾಗ ಮುಗಸ್ತೀನ್ರಿ ಅತ್ತಿ."

ದುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಾ ಇಲ್ಲೆ, ಅರ್ಧಾ ನನಗ ಕೊಡು."

ಜೋಳ ಬಿತ್ತುತ್ತಾರೆ, ಕಡಲೆ ಬಿತ್ತುತ್ತಾರೆ. ಕಳೆಯ ಜಾತಿಯಲ್ಲಿ ಹುಟ್ಟಿ, ಅತ್ತೆ ಸೊಸೆ ಇಬ್ಬರ ಕೈಯಲ್ಲೂ ಬಿತ್ತಿಸಿಕೊಂಡವಳು ಈ ಹೊಲದಲ್ಲಿ ನಾನೊಬ್ಬಳೇ. ಈಗ ನಾನೊಂದು ಒಣ ಕಡ್ಡಿ. ಆದರೂ ನೆಟ್ಟಗೇ ನಿಂತಿದ್ದೇನೆ.