ಬೈರಮ್ಮನ ಎರಡು ಕೈ

ಸುಗಟೂರಿನಲ್ಲಿ ಅವಳನ್ನು ಎರಡು ಕೈ ಬೈರಮ್ಮ ಎಂದೇ ಕರೆಯುತ್ತಿದ್ದರು. ಎಲ್ಲರಿಗೂ ಇರುವುದು ಎರಡೇ ಕೈ, ಆದರೆ ಎರಡನ್ನೂ ಒಂದೇ ಸಮ ದುಡಿಸುತ್ತಿದ್ದವಳು ಅವಳೊಬ್ಬಳೇ. ಬಲಗೈ ಹಿಪ್ಪುನೇರಳೆ ಸೊಪ್ಪು ಕೀಳುತ್ತಿದ್ದರೆ ಎಡಗೈಯೂ ಅಷ್ಟೇ ಚುರುಕಾಗಿ ಕೀಳುತ್ತಿತ್ತು. ಯುದ್ಧ ಶುರುವಾಗಿ, ಪ್ಯಾರಾಚೂಟಿನ ಬಟ್ಟೆಗೆಂದು ರೇಷ್ಮೆಗೂಡಿನ ಬೆಲೆ ಏರಿದ ಮೇಲಂತೂ ಅತ್ತೆ ಮುನಿಯಲ್ಲಮ್ಮ ಸೊಸೆಯ ಕೈಗಳನ್ನು ಹೊಗಳಿದ್ದೇ ಹೊಗಳಿದ್ದು. ಸೊಸೆಯನ್ನಲ್ಲ, ಕೈಗಳನ್ನು.

ಬೈರಮ್ಮ ಹುಟ್ಟಿನಿಂದ ಎಡಚಿ. ಆ ಅಭ್ಯಾಸ ಬಿಡಲೆಂದು ಚಿಕ್ಕಂದಿನಲ್ಲಿ ತಾಯಿ ಅವಳ ಎಡಗೈಗೆ ಬರೆ ಎಳೆದಿದ್ದಳು. ಗಾಯ ಮಾಯುವಷ್ಟರಲ್ಲಿ ಬಲಗೈ ಪಳಗಿತು, ಮಾಯ್ದ ಮೇಲೆ ಎಡಗೈಯೂ ಕೆಲಸಕ್ಕೆ ಬಂತು.

ಮಗಳು ಗಂಗಿಯೂ ಎಡಚಿಯೇ. ಇನ್ನೂ ತೊದಲುವ ಮಗು, ಅಮ್ಮನನ್ನು ನೋಡಿ ರೇಷ್ಮೆಹುಳದ ತಟ್ಟೆಗೆ ಎಡಗೈಯಲ್ಲಿ ಸೊಪ್ಪು ಹಾಕಿದ್ದಳು. ಆ ಸಲದ ಹುಳವೆಲ್ಲ ಸುಣ್ಣಕಟ್ಟು ರೋಗಕ್ಕೆ ಬೆಳ್ಳಗೆ ಸೆಟೆದುಕೊಂಡು ಸತ್ತವು. ಪಕ್ಕದ ಮನೆಗಳಲ್ಲೂ ಸತ್ತಿದ್ದವು, ಅಲ್ಲಿ ಎಡಚಿಯರಿರಲಿಲ್ಲ. ಅದು ಯಾರಿಗೆ ಬೇಕಿತ್ತು? ಮುನಿಯಲ್ಲಮ್ಮ ಮೊಮ್ಮಗಳ ಕೈಯತ್ತ ಬೆರಳು ಮಾಡಿ, ಬರೆ ಹಾಕದೆ ವಿಧಿಯಿಲ್ಲ ಎಂದಳು. ಬೈರಮ್ಮ ಸುತರಾಂ ಒಪ್ಪಲಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಮಗುವಿನ ಕೈ ಉಳಿಯುತ್ತಿತ್ತು.

"ನಿಮ್ಮಮ್ಮ ಬರೆ ಹಾಕಿದ್ದಕ್ಕೇ ಅಲ್ವೇನೇ ನಿಂಗೆ ಎರಡು ಕೈ ಬಂದಿದ್ದು? ನಿನ್ನ ಮಗಳಿಗೆ ಅದು ಬ್ಯಾಡ್ವಾ?" ಎಂದಳು.

ಬೈರಮ್ಮನಿಗೆ ಅದು ನಿಜವೆನ್ನಿಸಿತು. ತನಗೆ ಒಳ್ಳೆಯದಾದದ್ದು ಮಗಳಿಗೆ ಕೆಟ್ಟದ್ದು ಹೇಗಾದೀತು? ಮಾರನೆಯ ಬೆಳಿಗ್ಗೆ ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕಾಯಿಸಿದಳು. ಅತ್ತೆ ಮಗುವನ್ನು ಅವುಚಿ ಹಿಡಿದಳು. ಗುರಿ ತಪ್ಪಿ ಹೆಚ್ಚುಕಮ್ಮಿಯಾಗಬಾರದೆಂದು ಬೈರಮ್ಮ ಕುಡುಗೋಲನ್ನು ತನ್ನ ಎಡಗೈಯಲ್ಲೇ ಹಿಡಿದಳು.

ಗಂಗಿಯ ಎಡ ಅಂಗೈಗೆ ಬಿದ್ದ ಬರೆ ಕೀವುಗಟ್ಟಿತು. ಅರಿಶಿನ, ಬೇವು ಹಚ್ಚಿದ್ದಾಯಿತು, ಕೋಲಾರದ ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದೂ ಆಯಿತು. ಮಾಯುವ ಹೊತ್ತಿಗೆ ಬೆರಳುಗಳು ಅಂಗೈಯೊಳಗೆ ಮುದುಡಿಹೋಗಿದ್ದವು. ಇನ್ನು ಅವು ಬಿಚ್ಚಿಕೊಳ್ಳುವುದಿಲ್ಲ ಎಂದರು ಡಾಕ್ಟರು. ಬೈರಮ್ಮ ತನ್ನ ಅಮ್ಮನನ್ನೂ ಅತ್ತೆಯನ್ನೂ ಶಪಿಸಿದಳು, ತನ್ನನ್ನು ಶಪಿಸಿಕೊಳ್ಳಲು ಮಾತೇ ಸಿಗಲಿಲ್ಲ.

ಅದಕ್ಕಿಂತ ಕಷ್ಟದ್ದು ಆಮೇಲೆ ಬಂತು. ಅಮ್ಮನ ಎಡಗೈ ಕಂಡರೆ ಸಾಕು, ಗಂಗಿ ಚೀರಿ ಮೂಲೆ ಸೇರುತ್ತಿದ್ದಳು. ಬಲಗೈಯಲ್ಲಿ ತುತ್ತು ಕೊಟ್ಟರೂ ಕಣ್ಣು ಎಡಗೈಯ ಮೇಲೇ. ಅಜ್ಜಿ ಕೊಟ್ಟರೂ ಬೇಡ. ಮಗು ಕಡ್ಡಿಯಾಗುತ್ತಾ ಬಂದಳು.

ಒಂದು ಮಧ್ಯಾಹ್ನ ಬೈರಮ್ಮ ಎಡಗೈಯನ್ನು ಬೆನ್ನ ಹಿಂದಕ್ಕೆ ಮಡಿಸಿ, ಹಳೇ ಸೀರೆಯ ತುಂಡನ್ನು ಅತ್ತೆಗೆ ಕೊಟ್ಟು, ಸೊಂಟಕ್ಕೆ ಸೇರಿಸಿ ಕಟ್ಟಲು ಹೇಳಿದಳು. ಹುಳ ಪೊರೆ ಕಳಚಿ ಹಸಿದು ಏಳುವ ಕಾಲ, ಸೊಪ್ಪು ಕೀಳುವವರು ಯಾರು ಎಂದು ಮುನಿಯಲ್ಲಮ್ಮ ಗೊಣಗಿದಳು.

"ಬಿಗಿಯಾಗಿ ಕಟ್ಟು ಅತ್ತಮ್ಮ. ಮಗು ನೋಡ್ತಾ ಅವ್ಳೆ."

ಗಂಗಿ ಮೂಲೆಯಿಂದ ಎದ್ದು ಬಂದಳು. ಅಮ್ಮನ ಬೆನ್ನ ಹಿಂದೆ ನಿಂತು ಗಂಟನ್ನು ಎಳೆದೆಳೆದು ನೋಡಿದಳು. ಆಮೇಲೆ ಮುಂದೆ ಬಂದು ಕೂತು ಬಾಯಿ ತೆರೆದಳು.

ಬೈರಮ್ಮ ಆ ಗಂಟನ್ನು ಮಗಳೆದುರು ಮತ್ತೆ ಬಿಚ್ಚಲಿಲ್ಲ.