ಗೀರು ಬೀಳದ ಟಿಕೀಟು

"ಹುಷಾರಾಗಿ ಹಿಡಿ, ಉಗುರು ತಾಗಸಬ್ಯಾಡ," ಎನ್ನುತ್ತ ಚನ್ನಬಸವ್ವ ವಿಭೂತಿ ಡಬ್ಬಿಯ ತಳದಿಂದ ತೆಗೆದ ಪ್ಲಾಸ್ಟಿಕ್ ಚೀಲವನ್ನು ಮಗನ ಅಂಗೈಯಲ್ಲಿಟ್ಟಳು. ಸಂಜೆ ಅವಳ ವಿಮಾನ.

ವೀರಣ್ಣನ ನೌಕರಿ ಹೋಗಿ ಎಂಟು ತಿಂಗಳಾಗಿತ್ತು. ಸರಟೋಗಾದ ಈ ಬಾಡಿಗೆ ಮನೆಯನ್ನು ಶನಿವಾರದೊಳಗೆ ಬಿಡಬೇಕು. ಓಕ್ಲ್ಯಾಂಡಿನಲ್ಲಿ ಸಿಕ್ಕಿದ್ದು ಒಂದೇ ಕೋಣೆಯ ಅಪಾರ್ಟ್‌ಮೆಂಟು. ಅವ್ವನಿಗೆ ಅಲ್ಲಿ ಜಾಗವಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಗದಗಿಗೆ ಹೋಗುವ ದಿನ ಮಾತ್ರ ನಿಗದಿಯಾಯಿತು.

ಚೀಲದೊಳಗಿದ್ದದ್ದು ಒಂದು ಡಾಲರಿನ ಲಾಟರಿ ಟಿಕೀಟು, ಮೇಲಿನ ಬಣ್ಣ ಉಜ್ಜಿದರೆ ಅಲ್ಲೇ ಬಹುಮಾನ ಗೊತ್ತಾಗುವಂಥದ್ದು. ಬೂದುಬಣ್ಣದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

"ಇದನ್ನ ಯಾವಾಗ ತಗೊಂಡಿ?"

"ನಿನ್ನ ನೌಕರಿ ಹೋತಲ್ಲ, ಆ ವಾರ. ಸೊಸಿ ಊರ್ಮಿಳಾನ ಜೋಡಿ ಗ್ರೋಸರಿಗೆ ಹೋಗಿದ್ದೆ. ಮಂದಿ ಪಾಳಿ ಹಚ್ಚಿದ್ರು, ನಾನೂ ನಿಂತೆ. ಈ ಮನಿ ನಿಮಗ ಉಳೀಲಿ ಅಂತ. ನಿನ್ನ ಮುಂದ ಹೇಳಬ್ಯಾಡ ಅಂತ ಆಕಿಗೂ ಅಂದಿದ್ದೆ, ನೀ ಜೂಜು ಅಂತ ಬೈತಿ."

"ತಿಕ್ಕಿ ನೋಡ್ಲಿಲ್ಲೇನವ್ವಾ?"

"ನನಗೇನ್ ಹುಚ್ಚ ಹಿಡದೈತೇನು? ಇಲ್ಲಿ ಮಂದಿಗೆ ತಾಳ್ಮಿನ ಇಲ್ಲ. ಅಂಗಡ್ಯಾಗ ನಿಂತು ತಿಕ್ಕಿ ಕೆಡಿಸಿ ಕಸದ ಬುಟ್ಟಿಗೆ ಒಗೀತಿದ್ರು. ಡ್ರಾ ಆದಮ್ಯಾಲೆ ಆಫೀಸಿನವ್ರು ತಿಕ್ಕಬೇಕದನ್ನ. ನಿಮ್ಮಪ್ಪನ ಟಿಕೀಟು ತೊಯ್ದು ನಂಬರ್ ಅಳಿಸೇತಿ ಅಂತ ಏಜಂಟ ರೊಕ್ಕಾನ ಕೊಡ್ಲಿಲ್ಲ, ಮರತಿ ಏನು? ದಿನಾ ಪೇಪರ್ ನೋಡೇನಿ, ಇನ್ನೂ ಡ್ರಾ ಆಗಿಲ್ಲ. ಇನ್ನಮ್ಯಾಲೆ ನೀ ನೋಡ್ತಿರು."

ಬೆಳಗಾದರೆ ಅವ್ವ ಇಂಗ್ಲಿಷ್ ಪೇಪರು ಹರವಿಕೊಂಡು ಕೂರುತ್ತಿದ್ದದ್ದು ಅವನಿಗೆ ನೆನಪಾಯಿತು. ಚಿತ್ರ ನೋಡುತ್ತಾಳೆಂದುಕೊಂಡಿದ್ದ. ಒಂದು ಮಾತು ಕೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಅವಳು ಸ್ನಾನಕ್ಕೆ ಹೋದಾಗ ಗರಾಜಿನಲ್ಲಿ ನಿಂತು ಕಾರಿನ ಬೀಗದಕೈಯಿಂದ ಉಜ್ಜಿದ. ಐದು ಸಾವಿರ. ಇನ್ನೊಂದು ಐದು ಸಾವಿರ. ಮೂರನೆಯದೂ ಐದು ಸಾವಿರ. ಒಂದೇ ಮೊತ್ತ ಮೂರು ಸಲ ಬಂದರೆ ಆ ಮೊತ್ತವೇ ಬಹುಮಾನ. ಈ ಮನೆಯ ಒಂದು ತಿಂಗಳ ಬಾಡಿಗೆ. ಅವ್ವ ಇವತ್ತೇ ಹೋಗುವುದು ಬೇಡ. ಚಪ್ಪಲಿಯಲ್ಲೇ ಗ್ರೋಸರಿಗೆ ಓಡಿದ.

ಕೌಂಟರಿನ ಹೆಂಗಸು ಟಿಕೀಟು ನೋಡಿ ಮುಖ ಅರಳಿಸಿದಳು. ಆಮೇಲೆ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಬೆರಳಾಡಿಸಿ ಒಂದು ಸಾಲು ತೋರಿಸಿದಳು. ಆ ಆಟ ಡಿಸೆಂಬರಿನಲ್ಲೇ ಮುಗಿದಿತ್ತು. ಅಲ್ಲಿಂದ ನೂರ ಎಂಬತ್ತು ದಿನದೊಳಗೆ ಬಹುಮಾನ ಕೇಳಬೇಕಿತ್ತು. ಗಡುವು ಮೊನ್ನೆ ಶುಕ್ರವಾರಕ್ಕೇ ಮುಗಿದಿತ್ತು, ಇವತ್ತು ಸೋಮವಾರ. ವೀರಣ್ಣ ಆ ಸಾಲನ್ನು ಮೂರು ಸಲ ಓದಿದ. ಅವಳು "ಸಾರಿ" ಎಂದದ್ದು ಅವನಿಗೆ ಕೇಳಿಸಲಿಲ್ಲ.

ಮನೆಗೆ ಬಂದಾಗ ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವನ ಕೈಯಲ್ಲಿದ್ದ ಟಿಕೀಟು ನೋಡಿದ್ದೇ ಅವಳ ಮುಖ ಇಳಿಯಿತು.

"ತಿಕ್ಕಿಬಿಟ್ಟೇನೋ, ವೀರೂ."

ಟಿಕೀಟು ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. ಅವಳಿಗೆ ಅಂಕಿ ಓದಲು ಬರುತ್ತಿತ್ತು.

"ಐದು ಸಾವಿರ, ಐದು ಸಾವಿರ, ಐದು ಸಾವಿರ. ಇದು ಬಹುಮಾನದ ಪಟ್ಟಿ ಇರಬೇಕು. ನಂಬರ್ ಎಲ್ಲಿ ಹೋತು? ನಂಬರ್ ಅಳಿಸೀ ನೋಡು. ಎಂಟು ತಿಂಗಳು ಜ್ವಾಕಿ ಮಾಡಿದ್ನಲ್ಲೋ."

ವೀರಣ್ಣ ನಿಜ ಹೇಳಲು ಬಾಯಿ ತೆರೆದ. ಅವ್ವ ಟಿಕೀಟನ್ನು ಹಿಂದೆ ಮುಂದೆ ತಿರುವಿ ನಂಬರ್ ಹುಡುಕುತ್ತಿದ್ದಳು.

"ಹೂಂ ಅವ್ವ," ಎಂದ. "ನಾನ ಅಳಿಸಿದೆ. ಕೆಡಿಸಿಬಿಟ್ಟೆ."

ಅವಳು ಬೈಯುತ್ತಾಳೆಂದುಕೊಂಡ. ಅವಳು ಅವನ ಮುಖವನ್ನೇ ನೋಡಿದಳು.

"ಹೋಗ್ಲಿ ಬಿಡು. ಅದಕ್ಯಾಕ ಕಣ್ಣೀರು? ಲಾಟರಿ ಹತ್ತತಿತ್ತು ಅಂತ ಯಾರು ಕಂಡಾರ?"

ಕೈಚೀಲದಲ್ಲಿ ಪಾಸ್‌ಪೋರ್ಟು ಇದೆಯೇ ಎಂದು ಮುಟ್ಟಿ ನೋಡಿಕೊಂಡಳು. ಆಮೇಲೆ ಸೆರಗಿನ ತುದಿ ಒದ್ದೆ ಮಾಡಿಕೊಂಡು, ಮಗನ ಉಗುರಿನ ಸಂದಿಯಲ್ಲಿ ಕೂತಿದ್ದ ಬೂದುಬಣ್ಣದ ಪುಡಿಯನ್ನು ಒಂದೊಂದೇ ಬೆರಳು ಹಿಡಿದು ಒರೆಸತೊಡಗಿದಳು.