ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು

ಮೂಡಬಿದಿರೆಯಾಚೆ ಗುಡ್ಡ ಕಡಿದು ಕಟ್ಟಿದ ಕಾಲೇಜೊಂದರಲ್ಲಿ ೨೦೦೬ರ ಜುಲೈಯಲ್ಲಿ ನಡೆದ ಜಗಳದ ಮುಂದೆ ಎರಡು ರಾಜ್ಯಗಳ ನೀರಿನ ಜಗಳವೂ ಅಂಗನವಾಡಿಯ ಬಳಪದ ಜಗಳ. ಒಂದು ಕಡೆ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಸಿದ್ಧಕಟ್ಟೆಯ ಅಸ್ಕರ್. ಇನ್ನೊಂದು ಕಡೆ ಕೇಬಲ್ ಟಿವಿಯ ಶಂಭು. ಬಂಟ್ವಾಳದಿಂದ ವೇಣೂರಿನವರೆಗೆ ಶಂಭುವಿನ ವಯರು ಸುತ್ತಿಕೊಳ್ಳದ ತೆಂಗಿನಮರವಿಲ್ಲ. ಕಾಗೆಗಳೂ ಅವನ ಅಪ್ಪಣೆ ಪಡೆದೇ ಕೂರುತ್ತಿದ್ದವು.

ಸಭಾಂಗಣದ ಭಾಷಣ ಆರು ತರಗತಿಗಳ ಪರದೆಯ ಮೇಲೆ ಕಾಣಬೇಕಿತ್ತು. ಕ್ಯಾಮೆರಾ ಶಂಭುವಿನದು, ದಾರಿ ಅಸ್ಕರನದು. ಮೊದಲ ದಿನ ಅಸ್ಕರನ ಸ್ವಿಚ್ಚು, ಅಂದರೆ ವಯರುಗಳೆಲ್ಲ ಬಂದು ಸೇರುವ ಇಪ್ಪತ್ತನಾಲ್ಕು ಕಿಂಡಿಗಳ ಪೆಟ್ಟಿಗೆ, ಚಿತ್ರವನ್ನು ಬೇಕಾದವರಿಗೂ ಬೇಡದವರಿಗೂ ಸುರಿಯಿತು. ಲೈಬ್ರರಿ, ಆಫೀಸು ಎಲ್ಲ ಕಟ್ಟಿಕೊಂಡವು. ಒಂದು ಹಾಲ್‌ಟಿಕೆಟ್ ಹೊರಬರುವಷ್ಟರಲ್ಲಿ ಅದರ ವಿದ್ಯಾರ್ಥಿಗೆ ನರೆ ಬಂತು.

ಎರಡನೆಯ ದಿನ ಅಸ್ಕರ್ ಸ್ವಿಚ್ಚಿಗೆ ಕಿವಿಗೊಡುವ ಬುದ್ಧಿ ಕಲಿಸಿದ: ‘ಚಿತ್ರ ಬೇಕು’ ಎಂದ ಕೋಣೆಗಷ್ಟೇ ಕೊಡು. ಆರು ಕೋಣೆಗಳು ಬೇಕೆಂದವು, ಸಿಕ್ಕಿತು. ಸರಿಯಾಗಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಆರೂ ಪರದೆ ಕಪ್ಪು. ಮೂರು ಸಲ ಹಾಗೆಯೇ.

ಮೂರನೆಯ ದಿನ ಹನ್ನೊಂದಕ್ಕೆ ಅತಿಥಿ ಬರುವವರಿದ್ದರು. ಹತ್ತೂವರೆಗೆ ಶಂಭು ಸ್ವಿಚ್ಚಿನ ಕೋಣೆಯ ಬಾಗಿಲಿಗೆ ಒರಗಿ ನಿಂತ.

“ಕೇಬಲ್‌ನಲ್ಲಿ ಯಾರು ನೋಡ್ತಾರೆ, ಯಾರು ಗೊರಕೆ ಹೊಡೀತಾರೆ ಅಂತ ವಿಚಾರಿಸ್ಲಿಕ್ಕೆ ಇಲ್ಲ ಮಾರಾಯ. ಕೊಡುವುದು, ಅಷ್ಟೆ. ನಿನ್ನ ಡಬ್ಬಕ್ಕೆ ಅಹಂಕಾರ ಉಂಟು.”

“ನಿಮ್ಮ ಕೇಬಲ್‌ನಲ್ಲಿ ನಮ್ಮ ಉಮ್ಮನಿಗೆ ಸಿಗುವುದು ಗರಗರ ಶಬ್ದ ಮಾತ್ರ, ಶಂಭಣ್ಣ.”

ಪ್ರಿನ್ಸಿಪಾಲ್ ಶಶಿಪ್ರಭಾ ಬಂದರು. “ಅಸ್ಕರ್, ಇನ್ನೊಮ್ಮೆ ಕಪ್ಪಾದರೆ ಸೋಮವಾರದಿಂದ ನೀವು ಬರುವುದು ಬೇಡ. ಶಂಭು ಅವರೇ ನೋಡಿಕೊಳ್ತೇನೆ ಅಂದಿದ್ದಾರೆ.”

ಅಸ್ಕರನ ಕಿವಿಯಲ್ಲಿ ಮಾಲೆಪಟಾಕಿ ಸಿಡಿಯಿತು. ಅತಿಥಿ ಬರುವ ಮೊದಲು ಪರೀಕ್ಷೆಗೆಂದು ಚಿತ್ರ ಹಚ್ಚಿ, ಲ್ಯಾಪ್‌ಟಾಪಿನಲ್ಲಿ ಸ್ವಿಚ್ಚಿನ ಪಟ್ಟಿ ತೆರೆದು, ರೆಪ್ಪೆ ಬಡಿಯದೆ ಕುಳಿತ. ಬೇಕೆಂದ ಆರು ಕಿಂಡಿಗಳ ಸಂಖ್ಯೆ ಅಲ್ಲಿತ್ತು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಆರೂ ಮಾಯ.

ಆಗ ಹೊಳೆಯಿತು. ಸ್ವಿಚ್ಚು ಬರೀ ಕಿವಿ, ಅದಕ್ಕೆ ಬಾಯಿಲ್ಲ. ಎರಡೆರಡು ನಿಮಿಷಕ್ಕೆ ‘ಇನ್ನೂ ಯಾರಿಗೆ ಬೇಕು?’ ಎಂದು ಕೂಗುವುದು ಹಾಸ್ಟೆಲಿಗೆ ದಾರಿ ಕೊಡುವ ಹಳೆಯ ರೂಟರಿನ ಕೆಲಸ. ಅದು ಕೂಗದಿದ್ದರೆ ಕೋಣೆಗಳು ಓಗೊಡುವುದಿಲ್ಲ. ಓಗೊಡದವರನ್ನು ಸ್ವಿಚ್ಚು ಪಟ್ಟಿಯಿಂದ ಅಳಿಸುತ್ತದೆ. ಹಾಸ್ಟೆಲು ಆ ವರ್ಷ ಇನ್ನೂ ತೆರೆದಿರಲಿಲ್ಲ, ಹಾಗಾಗಿ ರೂಟರು ಸತ್ತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಕೋಣೆಯ ಮೂಲೆಗೆ ತಿರುಗಿ ನೋಡಿದರೆ ಅದರ ಪ್ಲಗ್ಗು ನೆಲದಲ್ಲಿ ಬಿದ್ದಿತ್ತು. ಆ ಜಾಗದಲ್ಲಿ ಶಂಭುವಿನ ಕ್ಯಾಮೆರಾ ಪೆಟ್ಟಿಗೆಯ ಪ್ಲಗ್ಗು.

“ಮೇಡಂ, ಇಲ್ಲಿಗೆ ಕೈ ಹಾಕಿದ್ದಾರಾ ಅಂತ ಶಂಭಣ್ಣನನ್ನು ವಿಚಾರಿಸಿ.”

“ದೈವದಾಣೆ ಇಲ್ಲ,” ಎಂದ ಶಂಭು.

ಅಸ್ಕರ್ ನೆಲದ ಪ್ಲಗ್ಗನ್ನು ಸತ್ತ ಹಾವಿನ ಹಾಗೆ ಎತ್ತಿ ಹಿಡಿದ. ಶಂಭು ಬಾಗಿಲು ಬಿಟ್ಟು ಒಳಗೆ ಬಂದ.

“ತೆಗೆದೆ. ಕರೆಂಟು ಬೇಕಲ್ಲ ನನಗೆ? ಇಷ್ಟು ದೊಡ್ಡ ಕೋಣೆಗೆ ಎರಡೇ ಪಾಯಿಂಟ್ ಹಾಕಿಸಿದವ ಯಾರು? ನೀನೇ.”

ಅದು ನಿಜವಾಗಿತ್ತು. ಅದೇ ಅಸ್ಕರನಿಗೆ ಹೆಚ್ಚು ಉರಿಯಿತು. ಅವನು ಲ್ಯಾಪ್‌ಟಾಪಿಗೆ ತಿರುಗಿ, ‘ಇನ್ನು ಮೇಲೆ ನೀನೇ ಕೂಗು’ ಎಂದು ಸ್ವಿಚ್ಚಿಗೆ ಒಂದೇ ಸಾಲಿನ ಆಜ್ಞೆ ಬರೆದ. ಹನ್ನೊಂದಕ್ಕೆ ಭಾಷಣ ಶುರುವಾಯಿತು. ನಾಲ್ಕು ನಿಮಿಷ ದಾಟಿತು, ಐದು, ಹತ್ತು. ಆರು ಸಂಖ್ಯೆಗಳೂ ಅಲುಗಲಿಲ್ಲ.

“ನಿಮ್ಮ ಕೆಲಸ ನಿಮ್ಮದೇ,” ಎಂದರು ಶಶಿಪ್ರಭಾ. “ಆದರೆ ನಿಮ್ಮಿಬ್ಬರಲ್ಲಿ ಒಬ್ಬರನ್ನೂ ನಾನು ನಂಬುವುದಿಲ್ಲ. ಭಾಷಣ ಮುಗಿಯುವವರೆಗೆ ಇಬ್ಬರೂ ಇಲ್ಲೇ ಕೂತಿರಿ.” ಹೊರಗಿನಿಂದ ಚಿಲಕ ಹಾಕಿದರು.

ಅತಿಥಿ ಎರಡೂವರೆ ಗಂಟೆ ಮಾತಾಡಿದರು. ಮಧ್ಯಾಹ್ನ ಒಂದು ಗಂಟೆಯಾಗುತ್ತಲೇ ಆರೂ ತರಗತಿಗಳು ಊಟಕ್ಕೆ ಓಡಿಹೋದವು. ಅಸ್ಕರನೂ ಶಂಭುವೂ ಬೆನ್ನಿಗೆ ಬೆನ್ನು ತಿರುಗಿಸಿ ಕುಳಿತು ಕೊನೆಯ ವಂದನಾರ್ಪಣೆಯವರೆಗೂ ಲ್ಯಾಪ್‌ಟಾಪಿನಲ್ಲಿ ಕೇಳಿದರು.